ಹೊರಗಿನ ಸ್ವಿಚ್ಚು

ಡೊಂಬಿವಲಿ ಪೂರ್ವದ ಆ ಮನೆಯಲ್ಲಿ ಆರು ಮಂದಿಗೆ ಎರಡು ಬಚ್ಚಲು. ಒಂದು ಅನೀಶ, ಅಪರ್ಣಾ ಮಲಗುವ ಕೋಣೆಯ ಒಳಗೆ. ಇನ್ನೊಂದು ಊಟದ ಮೇಜಿನ ಪಕ್ಕದ ಪ್ಯಾಸೇಜಿನಲ್ಲಿ. ಪ್ಯಾಸೇಜಿನ ಬಚ್ಚಲನ್ನು ಒಡೆದು ಹೊಸತಾಗಿ ಕಟ್ಟಿಸುವುದೆಂದು ತೀರ್ಮಾನವಾದದ್ದು ಜೂನ್ ತಿಂಗಳಲ್ಲಿ ಸತ್ಯಮ್ಮ ಅದರೊಳಗೆ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡ ಮೇಲೆ.

ಸತ್ಯಮ್ಮ ಮನೆಯ ಯಜಮಾನ ಪುಂಡರೀಕಾಕ್ಷ ರಾಯರ ಅಕ್ಕ. ಎಂಬತ್ತೊಂದು ವರ್ಷ. ಗಂಡ ತೀರಿಕೊಂಡ ಮೇಲೆ ಉಡುಪಿಯಿಂದ ತಮ್ಮನ ಮನೆಗೆ ಬಂದು ಮೂವತ್ತಾರು ವರ್ಷವಾಗಿತ್ತು. ರಾಯರ ಮಗ ಅನೀಶನನ್ನೂ ಮಗಳು ಅಶ್ಮಿತಾಳನ್ನೂ ಶಾಲೆಗೆ ಬಿಟ್ಟು ಕರೆತಂದವರು ಅವರೇ. ಬಿದ್ದದ್ದು ಹೇಗೆ ಎಂದು ಡಾಕ್ಟರು ಕೇಳಿದಾಗ "ಸೋಪು ಜಾರಿತು" ಎಂದಿದ್ದರು. ಮನೆಯವರಿಗೂ ಅದನ್ನೇ ಹೇಳಿದ್ದರು.

ಪ್ಲಾಸ್ಟರು ಬಿಚ್ಚಿದ ಮೇಲೆ ಕೆಲಸ ಶುರುವಾಯಿತು. ಜಾರದ ಟೈಲ್ಸ್, ಹಿಡಿದುಕೊಳ್ಳಲು ಎರಡು ಸ್ಟೀಲಿನ ಕಂಬಿ, ಕೂತು ಮೀಯಲು ಗೋಡೆಗೇ ಕೂರಿಸಿದ ಸಣ್ಣ ಮಣೆ, ಹೊಸ ಗೀಸರ್. ಟೈಲ್ಸ್ ಆರಿಸಿದ್ದು ಸೊಸೆ ಅಪರ್ಣಾ. ಕಲ್ಯಾಣಿನ ಅಂಗಡಿಗಳಿಗೆ ನಾಲ್ಕು ಭಾನುವಾರ ಅಲೆದು ತಿಳಿ ಹಸಿರು ಬಣ್ಣದ್ದನ್ನು ತಂದಿದ್ದಳು. ಟೈಲ್ಸಿನವರು ಮುಗಿಸಿ ಹೋದರು. ಪ್ಲಂಬರು ಮುಗಿಸಿ ಹೋದ. ಉಳಿದದ್ದು ಕರೆಂಟಿನ ಕೆಲಸ.

ಅದು ಅರ್ಧಕ್ಕೆ ನಿಂತಿತು. ಹೊರಗೋಡೆಯಲ್ಲಿ ಸ್ವಿಚ್ ಬೋರ್ಡಿನ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಕೆಂಪು, ಕಪ್ಪು, ಹಸಿರು ವೈರುಗಳು ತುದಿಗೆ ಕರಿ ಟೇಪು ಸುತ್ತಿಕೊಂಡು ನೇತಾಡುತ್ತಿದ್ದವು. ಒಳಗೆ ಗೀಸರ್ ಗೋಡೆಯ ಮೇಲಿತ್ತು, ಬಿಸಿಯಾಗುತ್ತಿರಲಿಲ್ಲ. ದೀಪ ಇರಬೇಕಾದಲ್ಲಿ ಒಂದು ತೂತು. ಎಕ್ಸಾಸ್ಟ್ ಫ್ಯಾನು ಅದು ಬಂದ ಡಬ್ಬದಲ್ಲೇ ಇತ್ತು. ಡಬ್ಬದ ಮೇಲೆ ಮೊಮ್ಮಗಳು ದಿಶಾ ತನ್ನ ಬ್ಯಾಡ್ಮಿಂಟನ್ ಬ್ಯಾಟು ಇಟ್ಟಿದ್ದಳು.

ಕೆಲಸ ಹಿಡಿದವನ ಹೆಸರು ಅಂಬರೀಶ. ಬಾಗಲಕೋಟೆ ಕಡೆಯವನು, ವಾರವೆಲ್ಲ ಠಾಣೆಯ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ದುಡಿದು ಭಾನುವಾರ ಹೊರಗಿನ ಕೆಲಸ ಮಾಡುತ್ತಿದ್ದ. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮೈಕು ಕೆಟ್ಟಾಗ ಅವನು ಐದು ನಿಮಿಷದಲ್ಲಿ ಸರಿ ಮಾಡಿದ್ದನ್ನು ರಾಯರು ನೋಡಿದ್ದರು. ತಮ್ಮ ಕಟ್ಟಡದ ಸೊಸೈಟಿಗೆ ಖಾಯಂ ಬರುವ ಇಲೆಕ್ಟ್ರಿಷಿಯನ್ನನ್ನು ಬಿಟ್ಟು ಇವನನ್ನು ಕರೆದದ್ದು ಅದಕ್ಕೆ.

"ನಿಮ್ಮ ಕನ್ನಡದವ ಇವತ್ತಾದರೂ ಬರ್ತಾನಾ?" ರಾಯರ ಹೆಂಡತಿ ವಾರಿಜಮ್ಮ ದೋಸೆ ಮಗುಚುತ್ತಾ ಗಂಡನನ್ನು ಕೇಳಿದರು. ಗಣಪತಿ ಹಬ್ಬ ಮುಗಿದು ಎರಡನೇ ಭಾನುವಾರ.

"ಬರ್ತೇನೆ ಅಂದಿದ್ದಾನೆ."

"ಅನ್ನಲಿಕ್ಕೆ ಅವನಿಗೆಂತ ಖರ್ಚು?"

"ನಮ್ಮ ಭಾಷೆಯವನು ಮಾರಾಯ್ತಿ. ನಾಲ್ಕು ಮನೆ ಕೆಲಸ ಒಟ್ಟಿಗೆ ಹಿಡಿದಿರ್ತಾನೆ. ಸ್ವಲ್ಪ ತಾಳು."

"ತಾಳ್ತೇನೆ. ನನ್ನ ಸೊಂಟ ತಾಳುವುದಿಲ್ಲ."

ಸತ್ಯಮ್ಮ ಮೊದಲು ಮೀಯುತ್ತಿದ್ದದ್ದು ಬೆಳಿಗ್ಗೆ ಐದಕ್ಕೆ. ದೇವರಿಗೆ ಹೂವಿಡುವ ಕೆಲಸ ಅವರದು. ಅಲ್ಲದೆ, ಆ ಹೊತ್ತಿಗಾದರೆ ಯಾರೂ ಬಾಗಿಲ ಹೊರಗೆ ಕಾಯುವುದಿಲ್ಲ. ಈಗ ಐದಕ್ಕೆ ಮೀಯಬೇಕಾದರೆ ಅನೀಶ, ಅಪರ್ಣಾ ಮಲಗಿರುವ ಕೋಣೆಯನ್ನು ದಾಟಿ ಹೋಗಬೇಕು. ಅಪರ್ಣಾ ಎರಡು ಸಲ ಹೇಳಿದ್ದಳು, "ಬನ್ನಿ ಸತ್ಯತ್ತೆ, ನಮಗೇನೂ ತೊಂದರೆಯಿಲ್ಲ." ಅವರು ಬರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ, ಎಲ್ಲರೂ ಹೊರಗೆ ಹೋದ ಮೇಲೆ, ಕಿಟಕಿಯ ಬೆಳಕಿನಲ್ಲಿ, ಕಂಬಿ ಮಣೆ ಇರುವುದು ಅಲ್ಲೇ ಎಂದು, ಹೊಸ ಬಚ್ಚಲಲ್ಲೇ ಮೀಯುತ್ತಿದ್ದರು. ಅಡುಗೆಮನೆಯಲ್ಲಿ ಕಾಯಿಸಿದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತರುವವರು ವಾರಿಜಮ್ಮ. ಅವರಿಗೆ ಅರವತ್ತೇಳು.

ಮೋಡದ ದಿನ ಕಿಟಕಿಯ ಬೆಳಕು ಸಾಲದು ಎಂದು ದಿಶಾ ಶಾಲೆಗೆ ಹೊರಡುವ ಮುಂಚೆ ತನ್ನ ಓದುವ ಎಮರ್ಜೆನ್ಸಿ ಲೈಟನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಅದರ ಚಾರ್ಜಿಗೇ ಒಂದು ದಿನ ಜಗಳವಾಯಿತು.

"ಕಿಸ್‌ನೇ ಬಂದ್ ಕಿಯಾ? ರಾತ್‌ಭರ್ ಚಾರ್ಜಿಂಗ್ ಮೇ ಲಗಾಯಾ ಥಾ" ಎಂದು ದಿಶಾ ಕೂಗಿದಳು. ರಾತ್ರಿಯಿಡೀ ಚಾರ್ಜಿಗಿಟ್ಟದ್ದನ್ನು ಆರಿಸಿದ್ದು ಯಾರು ಎಂದು.

"ನಿನ್ನಜ್ಜ. ಇನ್ಯಾರು?" ಅಂದರು ವಾರಿಜಮ್ಮ.

"ಕೆಂಪು ದೀಪ ಉರೀತಿತ್ತು, ಸುಮ್ಮನೆ ಯಾಕೆ ಅಂತ ಆರಿಸಿದೆ" ಎಂದರು ರಾಯರು. ಅವರು ಠಾಣೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಗಲ್ಲಾದಲ್ಲಿ ಕೂತವರು. ಗಿರಾಕಿ ಎದ್ದ ಮೇಜಿನ ಮೇಲಿನ ಫ್ಯಾನು ಆರಿಸುವುದು, ಜನ ಇಲ್ಲದ ಫ್ಯಾಮಿಲಿ ರೂಮಿನ ದೀಪ ಆರಿಸುವುದು ಅವರದೇ ಕೆಲಸ, ಎಲ್ಲ ಬೋರ್ಡೂ ಅವರ ಕುರ್ಚಿಯ ಹಿಂದೆ ಇತ್ತು. ಈಗಲೂ ವಾರಕ್ಕೆ ಮೂರು ದಿನ ಬೆಳಗಿನ ಐದೂಕಾಲಿಗೆ ಮನೆ ಬಿಟ್ಟು ಹೋಟೆಲು ತೆರೆಯಲು ಹೋಗುತ್ತಿದ್ದರು.

ಮೂರನೇ ಭಾನುವಾರವೂ ಅಂಬರೀಶ ಬರಲಿಲ್ಲ. ಅನೀಶ ಅಪ್ಪನಿಗೆ ಹೇಳದೆ ಸೊಸೈಟಿಯ ಇಲೆಕ್ಟ್ರಿಷಿಯನ್ನನ್ನು ಕರೆತಂದ. ವಯಸ್ಸಾದ ಮರಾಠಿ ಮನುಷ್ಯ. ಕನ್ನಡಕ ಹಾಕಿಕೊಂಡು ಬೋರ್ಡಿನ ಪೆಟ್ಟಿಗೆ ನೋಡಿದರು, ಸ್ಟೂಲು ಹತ್ತಿ ಗೀಸರಿನ ಹಿಂದೆ ನೋಡಿದರು.

"ಕಾಮ್ ಚಾಂಗಲಂ ಕೇಲಂಯ್" ಎಂದರು. ಕೆಲಸ ಚೆನ್ನಾಗಿಯೇ ಮಾಡಿದ್ದಾನೆ. "ಮಗ್ ಸೋಡ್ಲಂ ಕಾ?"

ಯಾಕೆ ಬಿಟ್ಟ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಬ್ಬ ಎಳೆದ ವೈರಿಗೆ ತಾನು ಕೈ ಹಾಕುವುದಿಲ್ಲ, ನಾಳೆ ಏನಾದರೂ ಆದರೆ ತನ್ನ ಹೆಸರು ಬರುತ್ತದೆ ಎಂದು ಅವರು ಇಳಿದರು. ಇಳಿಯುವ ಮೊದಲು ಸಡಿಲಾಗಿದ್ದ ಒಂದು ಟೇಪನ್ನು ಬಿಚ್ಚಿ ಸರಿಯಾಗಿ ಸುತ್ತಿದರು. ಚಹಾ ಮಾತ್ರ ಕುಡಿದರು.

"ನನಗೆ ಹೇಳದೆ ಯಾಕೆ ಕರೆಸಿದೆ?" ರಾಯರು ಮಗನನ್ನು ಕೇಳಿದರು.

"ನಿಮಗೆ ಹೇಳಿದರೆ ತಾಳು ಅಂತೀರಿ. ಮೂರು ವಾರ ಆಯಿತು ಅಪ್ಪ. ಅಮ್ಮ ಬಕೆಟ್ ಹೊರ್ತಿದ್ದಾಳೆ."

"ನೀನು ಹೊರು."

"ಮಧ್ಯಾಹ್ನ ಹನ್ನೆರಡಕ್ಕೆ ನಾನು ತುರ್ಭೆಯ ಆಫೀಸಿನಲ್ಲಿರ್ತೇನೆ."

"ಮತ್ತೆ ಮಾತಾಡಬೇಡ."

ಸತ್ಯಮ್ಮ ಕುರ್ಚಿಯಲ್ಲಿ ಕೂತು ಹೂವಿನ ಎಸಳು ಬಿಡಿಸುತ್ತಿದ್ದವರು, "ನನಗೆ ತಣ್ಣೀರು ಆಗ್ತದೆ" ಎಂದರು.

ಮುಂದಿನ ಬುಧವಾರ ವಾರಿಜಮ್ಮ ಬಕೆಟ್ಟು ಎತ್ತಿದಾಗ ಸೊಂಟ ಹಿಡಿಯಿತು. ನೀರು ಪ್ಯಾಸೇಜಿನಲ್ಲಿ ಚೆಲ್ಲಿತು, ಮೈ ಮೇಲೆ ಬೀಳಲಿಲ್ಲ. ಎರಡು ದಿನ ಹಾಸಿಗೆಯಲ್ಲಿದ್ದರು. ಸತ್ಯಮ್ಮ ಒಂದೇ ಕೈಯಲ್ಲಿ ಅನ್ನ ಬಸಿದರು, ಮಜ್ಜಿಗೆ ಕಡೆದರು. ಮಧ್ಯಾಹ್ನ ಒಂದು ಚೊಂಬು ಬಿಸಿನೀರಿನಲ್ಲಿ ಮೈ ಒರೆಸಿಕೊಂಡು ಮಿಂದೆ ಎಂದರು.

ಖಾರಘರದಿಂದ ಅಶ್ಮಿತಾ ಫೋನು ಮಾಡಿದಳು. ಅವಳದು ಹದಿನೇಳನೇ ಮಹಡಿಯ ಮನೆ, ಲಿಫ್ಟು ಉಂಟು, ಮೂರು ಬಚ್ಚಲು. "ಸತ್ಯತ್ತೆಯನ್ನು ಇಲ್ಲಿಗೆ ಕಳಿಸಿ. ಅಲ್ಲಿ ಕೆಲಸ ಮುಗಿಯುವವರೆಗೆ."

ಫೋನು ಸ್ಪೀಕರಿನಲ್ಲಿತ್ತು. ಸತ್ಯಮ್ಮ ಕೇಳಿಸಿಕೊಂಡರು.

"ಹೋಗುವುದು ಸುಲಭ" ಎಂದು ಅವರು ಆಮೇಲೆ ವಾರಿಜಮ್ಮನ ಸೊಂಟಕ್ಕೆ ಎಣ್ಣೆ ಹಚ್ಚುತ್ತಾ ಹೇಳಿದರು. "ಅಲ್ಲಿ ಎಲ್ಲ ಅನುಕೂಲ ಉಂಟು. ಅನುಕೂಲ ಇರುವಲ್ಲಿಂದ ಮುದುಕಿಯನ್ನು ವಾಪಸು ಯಾರು ಕರೀತಾರೆ, ವಾರಿಜಾ?"

"ನಾನು ಕರೀತೇನೆ ಅತ್ತಿಗೆ."

"ನಿನ್ನ ಸೊಂಟ ಕರೀಬೇಕಲ್ಲ. ನನ್ನ ಸ್ನಾನ ನಾನೇ ಮಾಡಿಕೊಂಡರೆ ಇಲ್ಲಿರಬಹುದು. ಇಲ್ಲದಿದ್ದರೆ ನೀನು ಇಟ್ಟುಕೊಂಡರೂ ನನಗೆ ಇರ್ಲಿಕ್ಕೆ ಆಗುವುದಿಲ್ಲ."

ಆ ಸಂಜೆ ರಾಯರ ತಾಳ್ಮೆ ಮುಗಿಯಿತು. ಅಂಬರೀಶನಿಗೆ ಫೋನು ಮಾಡಿದರೆ ಅವನು "ಬರ್ತೀನ್ರೀ ರಾಯರ, ಒಂದ್ ಮಾತು ತಿಳೀಬೇಕಾಗೇತಿ, ಆಮ್ಯಾಲೆ ಬರ್ತೀನಿ" ಎಂದ. ಏನು ಮಾತು ಎಂದರೆ ಹೇಳಲಿಲ್ಲ. ರಾಯರು ಫೋನಿಟ್ಟು ಕನ್ನಡ ಸಂಘದ ಕಾರ್ಯದರ್ಶಿ ವಸಂತಕುಮಾರರಿಗೆ ಹಚ್ಚಿದರು. ಸಂಘದ ಆಫೀಸಿನ ವೈರಿಂಗನ್ನು ಅಂಬರೀಶನಿಗೆ ಕೊಡುವುದೆಂದು ಮಾತಾಗಿತ್ತು. "ಅರ್ಧ ಮಾಡಿ ಓಡಿಹೋಗುವವ. ಕೊಡಬೇಡಿ ಮಾರಾಯ್ರೇ" ಎಂದರು. ಅದು ಬೇರೆಯವರಿಗೆ ಹೋಯಿತು.

ಅಪರ್ಣಾ ಠಾಣೆಯ ಒಂದು ಬ್ಯಾಂಕಿನಲ್ಲಿ ಆಫೀಸರು. ಶನಿವಾರ ಅರ್ಧ ದಿನ ರಜೆ ಹಾಕಿ ರಿಕ್ಷಾ ಹಿಡಿದು ವಾಗ್ಳೆ ಎಸ್ಟೇಟಿಗೆ ಹೋದಳು. ಬೈಯಬೇಕೆಂದು ಮಾತು ಜೋಡಿಸಿಕೊಂಡೇ ಹೋಗಿದ್ದಳು. ಅಂಬರೀಶ ಒಂದು ದೊಡ್ಡ ಪ್ಯಾನಲಿನ ಮುಂದೆ ಕೂತು ವೈರು ಜೋಡಿಸುತ್ತಿದ್ದ. ಅವಳನ್ನು ನೋಡಿ ಎದ್ದು, ಸ್ಟೂಲನ್ನು ಕೈವಸ್ತ್ರದಿಂದ ಒರೆಸಿ ಮುಂದಿಟ್ಟ. ಚಹಾ ಹೇಳಿಬಂದ.

"ಅಜ್ಜಿ ಆರಾಮ ಅದಾರೇನ್ರೀ ಅಕ್ಕಾರ?"

"ಹೇಗಿರ್ತಾರೆ? ನಾಲ್ಕು ವಾರ ಆಯಿತು. ನೀವು ಬರುವುದಿಲ್ಲ ಅಂತಾದರೆ ಬರುವುದಿಲ್ಲ ಅನ್ನಿ."

"ಬರಂಗಿಲ್ಲ ಅಂದಿಲ್ಲ. ಬಂದು ಏನ್ ಮಾಡ್ಲಿ ಅನ್ನೋದು ತಿಳೀವಲ್ದು."

"ಬೋರ್ಡು ಹಾಕುವುದು, ಗೀಸರಿಗೆ ಕನೆಕ್ಷನ್ ಕೊಡುವುದು. ಇನ್ನೇನು?"

"ಲೈಟಿನ ಸ್ವಿಚ್ಚು ಹೊರಗ ಹಾಕ್ಲ್ಯಾ, ಒಳಗ ಹಾಕ್ಲ್ಯಾ?"

"ಮೊದಲಿನಿಂದಲೂ ಹೊರಗೇ ಅಲ್ವಾ?"

"ಹೌದ್ರಿ. ಆದ್ರ ನಿಮಗೊಮ್ಮೆ ಫೋನ್ ಮಾಡಿದ್ದೆ. ಬಾಗಿಲ ಹತ್ರ ಎರಡು ಟೈಲ್ಸ್ ತೆಗೆದು ಲೈಟಿನ ಸ್ವಿಚ್ಚು ಒಳಗ ತರ್ಲೇನು ಅಂತ ಕೇಳಿದ್ದೆ. ಟೈಲ್ಸ್ ಮುಟ್ಟಬ್ಯಾಡ ಅಂದ್ರಿ. ರಾಯರನ್ನ ಕೇಳಿದೆ. ನೀರು ಬೀಳೋ ಜಾಗದಾಗ ಸ್ವಿಚ್ಚು ಹಾಕಿ ಬಿಲ್ಲು ದೊಡ್ಡದ್ ಮಾಡ್ತೀಯೇನು ಅಂದ್ರು."

ಅಪರ್ಣಾಳಿಗೆ ನೆನಪಾಯಿತು. ಆ ಫೋನು ಬಂದಾಗ ಅವಳು ಲೋಕಲ್ ರೈಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಅದೇ ಟೈಲ್ಸು ಅಂಗಡಿಯಲ್ಲಿ ಇನ್ನೊಂದು ಉಳಿದಿರಲಿಲ್ಲ.

"ಒಳಗೆ ಯಾಕೆ ಬೇಕು?"

"ಅದನ್ನ ಅಜ್ಜಿನ್ನ ಕೇಳ್ರಿ. ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ." ಅವನು ಮತ್ತೆ ಪ್ಯಾನಲಿನ ಕಡೆ ತಿರುಗಿದ. ಒಂದು ಸ್ಕ್ರೂ ಬಿಗಿದು ಹೇಳಿದ, "ಅಜ್ಜಿನೂ ಆಮ್ಯಾಲೆ ಹೊರಗೇ ಹಾಕಿ ಮುಗಿಸಪ್ಪಾ ಅಂದ್ರು. ನನಗ ಮನಸ್ಸಾಗ್ಲಿಲ್ಲ. ಸಂಘದ ಕೆಲಸ ಹೋತು, ಹೋಗ್ಲಿ. ಗೊತ್ತಿದ್ದೂ ಹೊರಗ ಹಾಕಿ ಬಂದ್ರ, ನಾಳೆ ಅವರು ಮತ್ತ ಬಿದ್ರ, ಅದು ನಾನೇ ಕೆಡವಿಧಂಗ."

ಚಹಾ ಬಂತು. ಅಪರ್ಣಾ ಜೋಡಿಸಿಕೊಂಡು ಬಂದ ಮಾತು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಮನೆಗೆ ಬಂದಾಗ ಮೂರೂವರೆ. ವಾರಿಜಮ್ಮ ಮಲಗಿದ್ದರು. ರಾಯರು ಕೆಳಗೆ ಸೊಸೈಟಿಯ ಬೆಂಚಿನಲ್ಲಿದ್ದರು. ಸತ್ಯಮ್ಮ ಅಡುಗೆಮನೆಯಲ್ಲಿ ಅಲಸಂಡೆ ಹೆಚ್ಚುತ್ತಿದ್ದರು. ಅಪರ್ಣಾ ಕೈ ತೊಳೆದು ಎದುರು ಕೂತು ಅಲಸಂಡೆಯ ಕಟ್ಟು ಬಿಚ್ಚಿದಳು.

"ಅಂಬರೀಶನನ್ನು ನೋಡಿ ಬಂದೆ, ಸತ್ಯತ್ತೆ."

ಸತ್ಯಮ್ಮನ ಕೈ ನಿಂತಿತು. "ಹೇಳಿದನಾ?"

"ಇಲ್ಲ. ನಿಮ್ಮನ್ನೇ ಕೇಳಬೇಕಂತೆ."

"ಪಾಪ" ಎಂದರು. ನಾಲ್ಕು ಅಲಸಂಡೆ ಹೆಚ್ಚಿದ ಮೇಲೆ ಹೇಳಿದರು. "ಆ ದಿನ ನಾನು ಒಳಗಿದ್ದೆ. ನಿನ್ನ ಮಾವ ಹೋಟೆಲಿಗೆ ಹೊರಟಿದ್ದ. ಹೋಗುವಾಗ ಬಚ್ಚಲಿನ ಲೈಟು ಆರಿಸಿದ. ಯಾರೋ ಮರೆತು ಬಿಟ್ಟದ್ದು ಅಂತ ಎಣಿಸಿರಬೇಕು. ಆಮೇಲೆ ಎದುರುಬಾಗಿಲು ಎಳೆದುಕೊಂಡದ್ದು ಕೇಳಿತು."

"ಕರೀಲಿಲ್ಲವಾ ನೀವು?"

"ಕರೆದರೆ ನಿಮಗೆಲ್ಲ ಎಚ್ಚರ. ನಿನಗೆ ಆವತ್ತು ಬ್ಯಾಂಕಿನಲ್ಲಿ ಆಡಿಟ್ ಅಂತಿದ್ದೆ. ಬಾಗಿಲು ಎಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲವಾ, ಕತ್ತಲಾದರೇನು ಅಂತ ಎದ್ದೆ."

"ಇಷ್ಟು ದಿನ ಸೋಪು ಅಂದಿರಲ್ಲ."

"ಮತ್ತೆ ಎಂತ ಅನ್ನುವುದು? ಇವನು ಸಣ್ಣವನಿರುವಾಗ ಮನೆಯ ಕರುವನ್ನು ಹಿಡಿದುಕೊಂಡು ಹೋಗ್ತಿದ್ದ. ಹಗ್ಗ ಕೈತಪ್ಪಿ ಅದು ಓಡಿ ಬಾವಿಗೆ ಬಿತ್ತು. ಇವನದ್ದು ತಪ್ಪಲ್ಲ. ಎಂಟು ದಿನ ಮಾತಿಲ್ಲ, ಸರಿಯಾಗಿ ಊಟವಿಲ್ಲ. ಈಗ ಎಪ್ಪತ್ತಮೂರು ವರ್ಷ. ಎಂಟು ದಿನ ಊಟ ಬಿಟ್ಟರೆ ಎದ್ದಾನಾ? ಹೇಳಬೇಡ."

"ಟೈಲ್ಸ್ ಒಡೆಯಲಿ ಅಂತ ನನಗಾದರೂ ಹೇಳಬಹುದಿತ್ತು."

"ನಾಲ್ಕು ಭಾನುವಾರ ತಿರುಗಿ ತಂದದ್ದು ನೀನು."

ಅಪರ್ಣಾ ಹೆಚ್ಚಿದ ಅಲಸಂಡೆಯನ್ನು ತಟ್ಟೆಗೆ ಹಾಕಿ ಎದ್ದಳು. ಕೋಣೆಯೊಳಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡಳು. ಸಂಜೆ ಗಂಡನಿಗೆ ಹೇಳಿದಳು. ಹೇಳಬಾರದು ಎಂದೇ ಇದ್ದಳು. ಅವನು ಅಂಬರೀಶನನ್ನು ಪೊಲೀಸಿಗೆ ಕೊಡುವ ಮಾತಾಡಿದಾಗ ಹೇಳಿಬಿಟ್ಟಳು.

ಸೋಮವಾರ ರಾತ್ರಿಯ ಊಟಕ್ಕೆ ಎಲ್ಲರೂ ಇದ್ದರು. ವಾರಿಜಮ್ಮ ಎದ್ದು ಕುಚ್ಚಲಕ್ಕಿ ಗಂಜಿ ಮಾಡಿದ್ದರು, ಜೊತೆಗೆ ಅಲಸಂಡೆ ಪಲ್ಯ, ಉಪ್ಪಿನಕಾಯಿ. ಸಂಘದ ವಿಷಯ ಬಂತು.

"ಅವನಿಗೆ ಸಂಘದ ಕೆಲಸ ತಪ್ಪಿತು. ಒಳ್ಳೆಯದಾಯಿತು" ಎಂದರು ರಾಯರು. "ನಮ್ಮವ, ನಮ್ಮವ ಅಂತ ತಲೆ ಮೇಲೆ ಕೂರಿಸಿದ್ದೇ ತಪ್ಪು. ಕಳ್ಳ."

"ಅಪ್ಪ, ಬಿಡಿ" ಎಂದ ಅನೀಶ.

"ಯಾಕೆ ಬಿಡಬೇಕು? ಅಕ್ಕನ ಕಷ್ಟ ಅವನಿಗೆ ಗೊತ್ತಾ? ಬಿದ್ದು ಕೈ ಮುರಿದುಕೊಂಡವರು ಅಂತ ಹೇಳಿಯೇ ಕೆಲಸ ಕೊಟ್ಟದ್ದು. ಮನುಷ್ಯತ್ವ ಬೇಡವಾ?"

"ಅವನಿಗೆ ಉಂಟು. ಅತ್ತೆ ಯಾಕೆ ಬಿದ್ದದ್ದು ಅಂತ ಈ ಮನೆಯಲ್ಲಿ ನಿಮಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತುಂಟು. ಅವನಿಗೂ ಗೊತ್ತುಂಟು."

"ಅನೀಶ" ಎಂದಳು ಅಪರ್ಣಾ.

"ಲೈಟು ಆರಿಸಿ ಹೋದದ್ದು ನೀವು. ಒಳಗೆ ಅತ್ತೆ ಇದ್ದರು."

ರಾಯರು ಅಕ್ಕನ ಮುಖ ನೋಡಿದರು.

"ಸೋಪು ಜಾರಿದ್ದು" ಎಂದರು ಸತ್ಯಮ್ಮ. "ಇವನಿಗೆ ಯಾರು ಹೇಳಿದ್ದೋ. ಸೋಪೇ ಜಾರಿದ್ದು, ಪುಂಡರೀಕ. ಗಂಜಿ ಆರ್ತದೆ."

ವಾರಿಜಮ್ಮ ಸೌಟನ್ನು ಪಾತ್ರೆಯಲ್ಲಿ ಇಟ್ಟರು. "ಸೋಪು ಅದರ ಪೆಟ್ಟಿಗೆಯಲ್ಲೇ ಇತ್ತು, ಅತ್ತಿಗೆ. ಒಣಗಿಕೊಂಡೇ ಇತ್ತು. ನಾನು ಬಂದು ಲೈಟು ಹಾಕಿದ ಮೇಲೆಯೇ ನೀವು ನನಗೆ ಕಂಡದ್ದು."

"ಅಂದರೆ ನಿನಗೂ ಗೊತ್ತಿತ್ತು" ಎಂದರು ರಾಯರು.

"ಇವರು ಸೋಪು ಅಂದರು. ನಾನೂ ಸೋಪು ಅಂದೆ."

ರಾಯರು ಕೈ ತೊಳೆದು ಎದ್ದರು. ಬಟ್ಟಲಿನಲ್ಲಿ ಅರ್ಧ ಗಂಜಿ ಉಳಿದಿತ್ತು. ದಿಶಾ ಒಬ್ಬೊಬ್ಬರ ಮುಖವನ್ನೂ ನೋಡಿ, ಅಜ್ಜನ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟಳು.

"ನೀನು ನನಗೆ ಹೇಳಿದ್ದು ಯಾಕೆ ಹಾಗಾದರೆ?" ಎಂದು ಅನೀಶ ಆಮೇಲೆ ಕೋಣೆಯಲ್ಲಿ ಹೆಂಡತಿಯನ್ನು ಕೇಳಿದ.

"ನೀನು ಮೇಜಿನ ಮೇಲೆ ಬಡಿಸಲಿ ಅಂತ ಅಲ್ಲ."

ಮರುದಿನದಿಂದ ರಾಯರು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಹಾಲಿನಲ್ಲಿ ಯಾರೂ ಇಲ್ಲದಾಗಲೂ ಫ್ಯಾನು ತಿರುಗುತ್ತಿತ್ತು. ಹಗಲು ಹೊತ್ತಿನಲ್ಲಿ ಅಡುಗೆಮನೆಯ ಟ್ಯೂಬು ಉರಿಯುತ್ತಿತ್ತು. ವಾರಿಜಮ್ಮ ಹಿಂದೆಯೇ ಹೋಗಿ ಆರಿಸಿದರು. ಬುಧವಾರ ಹೋಟೆಲಿಗೆ ಹೋಗುವ ಸರದಿ, ಹೋಗಲಿಲ್ಲ. ಮೊಸರನ್ನ ಕೊಟ್ಟರೆ ಎರಡು ತುತ್ತು ತಿಂದು ಸಾಕು ಎನ್ನುತ್ತಿದ್ದರು. ಅಕ್ಕನ ಹತ್ತಿರ ಮಾತಿಲ್ಲ.

ಸತ್ಯಮ್ಮ ಎರಡು ದಿನ ನೋಡಿದರು. ಗುರುವಾರ ದಿಶಾಳಿಂದ ನಂಬರು ಒತ್ತಿಸಿ ಅಶ್ಮಿತಾಳಿಗೆ ತಾವೇ ಹೇಳಿದರು. "ಭಾನುವಾರ ಕಾರು ತಾ. ನಾನು ಬರ್ತೇನೆ."

"ಅಜ್ಜೀ, ಕ್ಯೂಂ?" ಎಂದಳು ದಿಶಾ.

"ನನ್ನನ್ನು ನೋಡಿದಾಗೆಲ್ಲ ಅವನಿಗೆ ಅದೇ ನೆನಪಾಗ್ತದೆ. ಕಣ್ಣೆದುರು ಇಲ್ಲದಿದ್ದರೆ ಉಣ್ಣುತ್ತಾನೆ."

ದಿಶಾಳಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಅಜ್ಜನ ಹತ್ತಿರ ಹೋಗಿ, ಅವಳಿಗೆ ಬರುವ ಕನ್ನಡದಲ್ಲಿ, "ಸತ್ಯಜ್ಜಿ ಸಂಡೇ ಹೋಗ್ತಾಳೆ. ಬ್ಯಾಗ್ ತುಂಬಿಸ್ತಾಳೆ" ಎಂದಳು.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಅವರು ಎದ್ದರು. ಹೋಟೆಲಿಗೆ ಹೋದರು. ಹತ್ತೂವರೆಗೆ ಗಲ್ಲಾ ಬಿಟ್ಟು, ಗೋಳಿಬಜೆ ಒಂದು ಪೊಟ್ಟಣ ಕಟ್ಟಿಸಿಕೊಂಡು, ಬಸ್ಸು ಹತ್ತಿ ವಾಗ್ಳೆ ಎಸ್ಟೇಟಿಗೆ ಹೋದರು. ವರ್ಕ್‌ಶಾಪು ಹುಡುಕಲು ಅರ್ಧ ಗಂಟೆ ಹಿಡಿಯಿತು.

ಅಂಬರೀಶ ಎದ್ದು ನಿಂತ. ರಾಯರು ಪೊಟ್ಟಣವನ್ನು ಅವನ ಪ್ಯಾನಲಿನ ಪಕ್ಕದಲ್ಲಿ ಇಟ್ಟರು.

"ನಿನ್ನನ್ನು ಕಳ್ಳ ಅಂದೆ" ಎಂದರು.

"ನನಗ ಕೇಳಿಸಿಲ್ಲ ಬಿಡ್ರಿ ರಾಯರ."

"ಬೇರೆಯವರಿಗೆ ಕೇಳಿಸುವ ಹಾಗೆ ಅಂದೆ." ಅಲ್ಲೇ ನಿಂತು ವಸಂತಕುಮಾರರಿಗೆ ಫೋನು ಹಚ್ಚಿದರು. ಆ ಹುಡುಗನ ಬಗ್ಗೆ ತಾನು ಹೇಳಿದ್ದು ಸುಳ್ಳಾಯಿತು, ತಪ್ಪು ತನ್ನದು, ಇದನ್ನು ಮುಂದಿನ ಕಮಿಟಿ ಮೀಟಿಂಗಿನಲ್ಲಿ ತಾನೇ ಹೇಳುತ್ತೇನೆ ಎಂದರು. ಆ ಕಡೆಯಿಂದ ಕೆಲಸ ಬೇರೆಯವರಿಗೆ ಕೊಟ್ಟಾಗಿದೆಯಲ್ಲ ಎಂದಿರಬೇಕು. "ಅದು ನನಗೆ ಗೊತ್ತುಂಟು. ಆದರೂ ಹೇಳಬೇಕಲ್ಲ" ಎಂದು ಫೋನಿಟ್ಟರು.

ಇಬ್ಬರೂ ಗೋಳಿಬಜೆ ತಿಂದರು. ನಾಲ್ಕು ದಿನದಲ್ಲಿ ರಾಯರು ಹೊಟ್ಟೆಗೆ ಹಾಕಿದ ಮೊದಲ ತಿಂಡಿ ಅದು.

"ಟೈಲ್ಸ್ ಒಡಿ" ಎಂದರು. "ಸ್ವಿಚ್ಚು ಒಳಗೆ ಹಾಕು."

"ಹಾಕ್ತೀನ್ರಿ. ಆದ್ರ ಅಜ್ಜಿ ಒದ್ದಿ ಕೈಲೆ ಮುಟ್ಟತಾರ ಅನ್ನೋದು ಒಂದ್ ಅಂಜಿಕಿ ನನಗ."

ರಾಯರು ಗೋಡೆಯ ಮೇಲಿನ ಬೋರ್ಡುಗಳನ್ನು ನೋಡಿದರು.

"ನಮ್ಮ ಹೋಟೆಲಿನಲ್ಲಿ ಗಲ್ಲಾದ ಮೇಲೆ ದೇವರ ಪಟ ಉಂಟು. ಅದಕ್ಕೊಂದು ಸಣ್ಣ ದೀಪ. ನಾನು ದಿನಾ ಕ್ಲೋಸ್ ಮಾಡುವಾಗ ಅದನ್ನೂ ಆರಿಸಿ ಬರ್ತಿದ್ದೆ. ಧಣಿಗಳು ಎಷ್ಟು ಸಲ ಹೇಳಿದರೂ ಕೈ ಕೇಳ್ತಿರಲಿಲ್ಲ. ಕಡೆಗೆ ಅವರು ಅದರ ಸ್ವಿಚ್ಚನ್ನೇ ತೆಗೆಸಿದರು. ಮೇನಿನಿಂದ ನೇರ ವೈರು. ನನ್ನ ಕೈಗೆ ಸಿಗಬಾರದು ಅಂತ." ಅವರು ಬೆರಳು ಒರೆಸಿಕೊಂಡರು. "ಇಪ್ಪತ್ತೆರಡು ವರ್ಷ ಆಯಿತು. ಉರೀತಾ ಉಂಟು."

ಅಂಬರೀಶ ನಕ್ಕ. "ಅಷ್ಟ ಸಾಕ್ರಿ. ಟೈಲ್ಸ್ ಒಡ್ಯೂದು ಬ್ಯಾಡ. ಛತ್ತಿನ ಪಾಯಿಂಟ್ ಡೈರೆಕ್ಟ್ ಕೊಡ್ತೀನಿ. ಸಣ್ಣ ಎಲ್‌ಇಡಿ, ಇಡೀ ದಿನ ಉರಿದ್ರೂ ಬಿಲ್ಲಿಗೆ ಗೊತ್ತಾಗಂಗಿಲ್ಲ."

"ಗೊತ್ತಾದರೆ ಆಗಲಿ" ಎಂದರು ರಾಯರು.

ಭಾನುವಾರ ಏಳಕ್ಕೇ ಅಂಬರೀಶ ಬಂದ. ಮೇನು ಆರಿಸಿದ. ಮನೆಯವರೆಲ್ಲ ಫ್ಯಾನಿಲ್ಲದೆ ಅಕ್ಟೋಬರಿನ ಸೆಕೆಯಲ್ಲಿ ಕೂತರು. ಅಪರ್ಣಾ ಅವನಿಗೆ ಟಾರ್ಚು ಹಿಡಿದಳು. "ಎರಡು ಟೈಲ್ಸ್ ಹೋದರೂ ಪರವಾಗಿಲ್ಲ" ಎಂದಳು. ಬೇಡ ಎಂದ. ಅನೀಶ ಸ್ಟೂಲು ಹಿಡಿದುಕೊಂಡ, ಒಂದು ಸಲ "ಸಾರಿ, ಬಾಸ್" ಎಂದ. ಅಂಬರೀಶ ಸ್ಕ್ರೂ ಕೇಳಿದ.

ಸತ್ಯಮ್ಮನ ಚೀಲ ಎದುರುಬಾಗಿಲ ಪಕ್ಕ ಇತ್ತು. ಆರು ಸೀರೆ, ಔಷಧಿಯ ಡಬ್ಬಿ, ಚಾದರ. ರಾಯರು ಅದರ ಪಕ್ಕದಿಂದಲೇ ಎರಡು ಸಲ ಹಾದು ಹೋದರು. ಒಂಬತ್ತಕ್ಕೆ ಮಾರ್ಕೆಟ್ಟಿಗೆ ಹೋಗಿ ಬಸಳೆಯ ದೊಡ್ಡ ಕಟ್ಟು ತಂದು ವಾರಿಜಮ್ಮನಿಗೆ ಕೊಟ್ಟರು.

"ಇಷ್ಟು ಯಾರಿಗೆ?"

"ಅಕ್ಕನಿಗೆ ಬಸಳೆ ಆಗ್ತದೆ."

"ಅವರು ಹೊರಟಿದ್ದಾರಲ್ಲ?"

ರಾಯರು ನೀರು ಕುಡಿಯಲು ಹೋದರು.

ಒಂಬತ್ತೂಮುಕ್ಕಾಲಿಗೆ ಕೆಲಸ ಮುಗಿಯಿತು. ಅಂಬರೀಶ ಮೇನು ಹಾಕಿದಾಗ ಫ್ಯಾನುಗಳೆಲ್ಲ ತಿರುಗಿದವು, ಬಚ್ಚಲಿನ ಮೇಲೆ ಒಂದು ಸಣ್ಣ ಬಿಳಿ ದೀಪ ತಾನಾಗಿಯೇ ಹತ್ತಿಕೊಂಡಿತು. ಹೊರಗಿನ ಬೋರ್ಡಿನಲ್ಲಿ ಗೀಸರಿಗೆ, ಎಕ್ಸಾಸ್ಟಿಗೆ, ಕನ್ನಡಿಯ ದೀಪಕ್ಕೆ ಸ್ವಿಚ್ಚುಗಳಿದ್ದವು.

"ಇದು ಯಾವುದರಲ್ಲಿ ಆರಿಸುವುದು?" ಸತ್ಯಮ್ಮ ಮೇಲೆ ನೋಡಿ ಕೇಳಿದರು.

"ಆರ್ಸಾಕ ಬರಂಗಿಲ್ರಿ ಅಜ್ಜಿ. ರಾಯರು ಹೇಳ್ಯಾರ."

ಸತ್ಯಮ್ಮ ತಿರುಗಿ ತಮ್ಮನನ್ನು ನೋಡಿದರು. ರಾಯರು ಊಟದ ಮೇಜಿನ ಹತ್ತಿರ ಪೇಪರು ಹಿಡಿದು ಕೂತಿದ್ದರು. ಪೇಪರು ಇಳಿಸಲಿಲ್ಲ. "ನೀರು ಕಾಯ್ತಾ ಉಂಟು ಅಕ್ಕ, ಮೊದಲು ನೀನು ಮಿಂದು ಬಾ" ಎಂದರು. ಸೋಮವಾರದಿಂದ ಅಕ್ಕನೊಡನೆ ಆಡಿದ ಮೊದಲ ಮಾತು.

"ನಾನು ಕಡೆಗೆ ಮೀಯ್ತೇನೆ. ದಿಶಾಳಿಗೆ ಕ್ಲಾಸು ಉಂಟು."

"ಅವಳು ಕಾಯ್ತಾಳೆ."

ನೀರು ಕಾದ ಮೇಲೆ ಸತ್ಯಮ್ಮ ಟವೆಲು ತೆಗೆದುಕೊಂಡು ಒಳಗೆ ಹೋದರು. ಅಗಳಿ ಹಾಕಿದ ಶಬ್ದ ಕೇಳಿತು.

ಹತ್ತೂಕಾಲಾಯಿತು. ಅಂಬರೀಶ ದೋಸೆ ತಿಂದು ಹೊರಟ. ವಾರಿಜಮ್ಮ ಅವನ ಹೆಂಡತಿಗೆಂದು ಚಟ್ನಿಪುಡಿ ಕಟ್ಟಿಕೊಟ್ಟರು. ದಿಶಾ ಟವೆಲು ಹೆಗಲಿಗೆ ಹಾಕಿಕೊಂಡು ಪ್ಯಾಸೇಜಿನಲ್ಲಿ ಅತ್ತಿತ್ತ ನಡೆದಳು. ಬಾಗಿಲು ತಟ್ಟಲು ಕೈ ಎತ್ತಿದಾಗ ರಾಯರು "ತಟ್ಟಬೇಡ" ಎಂದರು. ಅವಳು ಅಮ್ಮನ ಬಚ್ಚಲಿಗೆ ಹೋದಳು.

ಹತ್ತೂವರೆಗೆ ಅಶ್ಮಿತಾ ಬಂದಳು. ಚೀಲ ನೋಡಿದಳು. "ರೆಡಿಯಾ? ಪಾರ್ಕಿಂಗ್ ಸಿಗಲಿಲ್ಲ, ಕಾರು ಗೇಟಿನ ಹೊರಗೇ ಉಂಟು. ಸತ್ಯತ್ತೆ ಎಲ್ಲಿ?"

"ಬಚ್ಚಲಲ್ಲಿ" ಎಂದರು ವಾರಿಜಮ್ಮ.

"ಎಷ್ಟು ಹೊತ್ತಾಯಿತು?"

"ಅರ್ಧ ಗಂಟೆ ಆಗ್ತಾ ಬಂತು."

"ಅರ್ಧ ಗಂಟೆಯಾ?" ಅಶ್ಮಿತಾ ಗಾಬರಿಯಾಗಿ ಬಾಗಿಲ ಹತ್ತಿರ ಹೋದಳು. ಒಳಗೆ ಚೊಂಬಿನಿಂದ ನೀರು ಸುರಿಯುವ ಶಬ್ದವಿತ್ತು. "ಸತ್ಯತ್ತೆ, ನಾನು ಬಂದೆ. ಹೊರಡುವುದಾ?"

ನೀರಿನ ಶಬ್ದ ನಿಂತಿತು.

"ಅಶ್ಮಿಯಾ? ಬೇಗ ಬಂದಿಯಲ್ಲ" ಎಂದರು ಸತ್ಯಮ್ಮ ಒಳಗಿನಿಂದ. "ನಿನ್ನಪ್ಪ ಬಸಳೆ ತಂದಿದ್ದಾನೆ. ಊಟ ಮಾಡಿಕೊಂಡು ನೀನು ಹೋಗು."

ಮತ್ತೆ ನೀರು ಸುರಿಯತೊಡಗಿತು. ಅಶ್ಮಿತಾ ಕಾರು ಒಳಗೆ ನಿಲ್ಲಿಸಲು ಜಾಗವುಂಟೋ ಎಂದು ವಾಚ್‌ಮನ್ನನ್ನು ಕೇಳಲು ಕೆಳಗೆ ಹೋದಳು.